ಡಬಲ್ ಎದುರಿನ ಕುರ್ಚಿ

ಅಲ್ಲ ಕಣೇ, ಅಲ್ಲಿಂದ ಶುರು ಮಾಡಬೇಡ, ಬರೆದದ್ದನ್ನು ಹೊಡೆದುಹಾಕು. ಮೊದಲು ಕುರ್ಚಿಯ ವಿಷಯ ಬರಲಿ. ನಿನ್ನ ಚಿಕ್ಕತಾತ, ಅಂದರೆ ನನ್ನ ಕೊನೇ ತಮ್ಮ, ಎಂಥವನು ಅಂತ ಬರೆಯಬೇಕಾದರೆ ಆ ಕುರ್ಚಿ ಬಿಟ್ಟು ಬರೆಯೋಕಾಗಲ್ಲ.

ಅವನು ದರ್ಜಿ. ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆ, ಮಧ್ಯೆ ಕಿರುಗುಟ್ಟುವ ಮರದ ಮೆಟ್ಟಿಲು. ಹೆಂಡತಿ ತೀರಿಹೋದ ಮೇಲೆ ಅವನ ಮಾತೆಲ್ಲ ಅಳತೆಗೇ ಮುಗಿದುಹೋಗುತ್ತಿತ್ತು. ತೋಳು ಇಷ್ಟು, ಕಾಲರ್ ಅಷ್ಟು, ನಾಳಿದ್ದು ಬನ್ನಿ, ಅಷ್ಟೇ. ಮಿಷನ್ ಸದ್ದು ನಿಂತರೆ ಅವನಿಗೆ ಕೂತಲ್ಲಿ ಕೂರೋಕಾಗದು. ಕೆಲಸ ಇಲ್ಲದ ದಿನವೂ ಚಿಂದಿ ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಓಡಿಸುತ್ತಿರುತ್ತಾನೆ. ಚಿಕ್ಕವನಿದ್ದಾಗಲೂ ಹಾಗೇ, ಬಾಯಲ್ಲಿ ಸದಾ ಏನಾದರೂ ಗುನುಗು, ನಮ್ಮಮ್ಮ ಅವನನ್ನು ಜೀರುಂಡೆ ಅಂತಿದ್ದಳು. ಇರಲಿ, ಎಲ್ಲಿದ್ದೆ? ಹಾಂ, ಭಾನುವಾರ.

ಆ ಅಂಗಡಿಯಲ್ಲಿ ನಗು ಕೇಳುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತು ಪೋಕರ್ ಅನ್ನೋ ಇಸ್ಪೀಟಾಟ ಆಡುತ್ತಿದ್ದೆವು. ಪಣಕ್ಕೆ ಅಂಗಿಯ ಗುಂಡಿಗಳು. ನಾನು, ಪಕ್ಕದ ಕ್ಷೌರದಂಗಡಿಯವನು, ತಮ್ಮ, ಮತ್ತೆ ನಾವೆಲ್ಲ ಡಬಲ್ ಅಂತ ಕರೆಯುವ ಬಸ್ ಡ್ರೈವರ್. ನಾವು ಯಾರೇ ಗುಂಡಿ ಏರಿಸಿದರೂ ಅವನು ತನ್ನ ಎಲೆ ನೋಡಿದನೋ ಇಲ್ಲವೋ, ‘ಡಬಲ್’ ಅಂತ ಅದರ ಮೇಲೆ ಏರಿಸಿಬಿಡುವನು. ಬಸ್ಸನ್ನೂ ಹಾಗೇ ಓಡಿಸುತ್ತಾನೆ, ಎದುರಿನವನೇ ಹೆದರಿ ಪಕ್ಕಕ್ಕೆ ಸರಿಯಬೇಕು. ನಾವೂ ಸರಿಯುತ್ತಿದ್ದೆವು. ಒಳ್ಳೇ ರಾಜ-ರಾಣಿ ಕೈಯಲ್ಲಿದ್ದರೂ ಕೆಳಗಿಟ್ಟುಬಿಡುತ್ತಿದ್ದೆವು.

"ಏನ್ ದರ್ಜಿ, ಇವತ್ತೂ ಬಾಲ ಮಡಚಿದ್ಯಾ?" ಅಂತ ಅವನು ರೇಗಿಸುವನು. ತಮ್ಮ ಅವನ ಎದುರಿನ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುವನು.

ಆದರೆ ತಮ್ಮನಿಗೆ ಒಳಗೊಳಗೇ ಕೊರೆಯುತ್ತಿತ್ತು ಅಂತ ಕಾಣುತ್ತೆ. ಒಂದು ಭಾನುವಾರ ಬೆಳಕು ಸಾಲದು ಅಂತ ನೆಪ ತೆಗೆದು, ಡಬಲ್‌ನ ಸರದಿ ಮುಗಿದ ಕೂಡಲೇ ತನ್ನದು ಬರುವ ಹಾಗೆ, ಅವನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ. ತನ್ನ ಲೆಕ್ಕಾಚಾರ ಆಮೇಲೆ ನನಗೆ ಬಿಡಿಸಿ ಹೇಳಿದ. "ಅವ್ನು ಮೊದ್ಲು ಕೂಗ್ಲಿ ಅಕ್ಕಾ. ಕೆಟ್ಟ ಎಲೆ ಬಂದ್ರೆ ನಾನು ತಕ್ಷಣ ಬಿಸಾಕ್ತೀನಿ. ಒಳ್ಳೇದು ಬಂದ್ರೆ ಏರ್ಸೋದೇ ಇಲ್ಲ, ಅವ್ನು ಇಟ್ಟಷ್ಟು ಇಡ್ತೀನಿ. ಏರ್ಸೋ ಚಟ ಅವ್ನದು, ಅವ್ನೇ ಏರಿಸ್ಕೊಂಡು ಹೋಗ್ಲಿ."

ಅವತ್ತು ತಮ್ಮನ ಕೈಗೆ ಎರಡು ಎಕ್ಕ ಬಂತು. ಎಲ್ಲರಿಗೂ ಸೇರಿದ್ದು ಅಂತ ಮೇಜಿನ ಮೇಲೆ ತೆರೆದಿಡುವ ಎಲೆಗಳಲ್ಲಿ ಮೂರನೆಯದೂ ಬಿತ್ತು. ಡಬಲ್ ಏರಿಸಿದ, ತಮ್ಮ ತನ್ನ ಎಲೆಯ ಮೇಲೇ ಕಣ್ಣಿಟ್ಟು ಅಷ್ಟೇ ಇಟ್ಟ. ಮತ್ತೆ ಏರಿಸಿದ, ಮತ್ತೆ ಅಷ್ಟೇ ಇಟ್ಟ. ಕೊನೆಗೆ ಡಬಲ್ ತನ್ನ ಗುಂಡಿಯೆಲ್ಲ ನಡುವಿಗೆ ತಳ್ಳಿದ. ಎಲೆ ತಿರುಗಿಸಿದರೆ ಅವನ ಕೈಯಲ್ಲಿ ಒಂದು ಜೊತೆಯೂ ಇರಲಿಲ್ಲ.

ಕ್ಷೌರದವನು ಮೇಜು ಕುಟ್ಟಿ ಕುಟ್ಟಿ ನಕ್ಕ. ಡಬಲ್ ನಗಲಿಲ್ಲ. ಎದ್ದು ನಿಂತು ಮೆಲ್ಲಗೆ ಅಂದ, "ಎದ್ರುಗಡೆ ಕೂತಾಗ ನನ್ ಮಾತಿಗೆ ನಗ್ತಿದ್ದೆ. ಇವತ್ತು ಪಕ್ದಲ್ಲೇ ಕೂತು ಒಂದ್ ಸಲಾನೂ ನನ್ ಮುಖ ನೋಡ್ಲಿಲ್ಲ ಕಣಯ್ಯ."

ಅವತ್ತು ಹೋದವನು ಮತ್ತೆ ಬರಲಿಲ್ಲ. ಅವನ ಗಲಾಟೆ ಇಲ್ಲದೆ ಆಟ ಸಪ್ಪೆ ಅಂತ ಕ್ಷೌರದವನೂ ಬಿಟ್ಟ. ನನಗೂ ಈ ಮಂಡಿನೋವು, ನಮ್ಮನೆ ಮೆಟ್ಟಿಲಿಳಿದು ಅಲ್ಲಿವರೆಗೆ ಹೋಗೋದೇ ಕಷ್ಟ. ಹೋದ ವಾರ ಹೇಗೋ ಹೋಗಿ ನೋಡಿದೆ. ಕುರ್ಚಿ ಹಳೇ ಜಾಗಕ್ಕೆ, ಎದುರಿಗೇ ಬಂದಿದೆ. ತಮ್ಮ ಒಬ್ಬನೇ ಕೂತು ಇಬ್ಬರಿಗೆ ಎಲೆ ಹಂಚುತ್ತಿದ್ದ. ಡಬಲ್ ಪಾಲಿನ ಎಲೆ ಮಾತ್ರ ತಿರುಗಿಸಿ ನೋಡಲಿಲ್ಲ.

ಹೋಗಿ ಕರೆಯೋ ಅಂದೆ. "ಏನಂತ ಕರೀಲಿ ಅಕ್ಕಾ? ಗೆದ್ದಿದ್ದು ತಪ್ಪಾಯ್ತು ಅಂತಲಾ?" ಅಂದು ಚಿಂದಿಯ ಮೇಲೆ ಮಿಷನ್ ಓಡಿಸಿದ.

ಗೋಡೆಗೆ ಡಬಲ್ ಮೊದಲೇ ಹೊಲಿಯೋಕೆ ಕೊಟ್ಟಿದ್ದ ಹೊಸ ಖಾಕಿ ಅಂಗಿ ನೇತುಹಾಕಿತ್ತು. ಹೊಲಿದು ಇಸ್ತ್ರಿಯೂ ಆಗಿದೆ, ಕತ್ತಿನ ಗುಂಡಿ ಒಂದೇ ಇಲ್ಲ. ಗುಂಡಿ ಬಿಟ್ಟು ಅಂಗಿ ಕೊಟ್ಟವನೇ ಅಲ್ಲ ನನ್ನ ತಮ್ಮ. ಬೇಕಂತಲೇ ಬಿಟ್ಟಿದ್ದಾನೆ ಅಂತ ಗೊತ್ತಾಯ್ತು. ಅವನು ಬೆನ್ನು ತಿರುಗಿಸಿದಾಗ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ನೋಡು, ಆ ಬಾಗಿಲ ಹಿಂದಿದೆ.

ಬರೆದದ್ದು ಸಾಕು, ಚಪ್ಪಲಿ ಹಾಕ್ಕೋ. ಬಸ್ ಡಿಪೋಗೆ ಹೋಗಿ ಡಬಲ್ ಕೈಗೇ ಕೊಡು. ಕತ್ತಿನ ಗುಂಡಿ ಮೈಮೇಲೆ ಹಾಕಿ ನೋಡಿಯೇ ಹೊಲೀಬೇಕಂತೆ, ಭಾನುವಾರ ಮಧ್ಯಾಹ್ನ ಅಂಗಡಿಗೆ ಬರಬೇಕಂತೆ ಅಂತ ಹೇಳು. ನಾನು ಕಳಿಸಿದ್ದು ಅಂತ ಮಾತ್ರ ಬಾಯಿ ಬಿಡಬೇಡ. ಬರುವಾಗ ಕ್ಷೌರದವನ ಕಿವಿಗೂ ಒಂದು ಮಾತು ಹಾಕಿ ಬಾ.