ಬೆಲ್ಟು ನಿಲ್ಲಿಸುವ ಹಗ್ಗ

ವಿದ್ಯುತ್ ಸ್ಥಾವರದಲ್ಲಿ ಅವಳನ್ನು ಎಲ್ಲರೂ ಹದ್ದಮ್ಮ ಎನ್ನುತ್ತಿದ್ದರು. ಕಲ್ಲಿದ್ದಲು ಹೊತ್ತು ಓಡುವ ರಬ್ಬರ್ ಬೆಲ್ಟಿನ ಪಕ್ಕ ನಿಂತು ಕಲ್ಲು ಆರಿಸುವುದು ಅವಳ ಕೆಲಸ. ಹದ್ದಿನ ಕಣ್ಣು ಎಂದು ಹೊಗಳಿ ಹೊಗಳಿ ಇಪ್ಪತ್ಮೂರು ವರ್ಷ ನಿಲ್ಲಿಸಿಯೇ ಇಟ್ಟಿದ್ದರು. ಹೊಗಳಲು ಖರ್ಚೇನಿದೆ, ಕೂರಲು ಒಂದು ಸ್ಟೂಲು ಮಾತ್ರ ಯಾರೂ ಕೊಟ್ಟಿರಲಿಲ್ಲ.

"ಕಲ್ಲು ಸುಟ್ಟರೆ ದೀಪ ಹತ್ತಲ್ಲ, ಬೂದಿ ಹೆಚ್ಚುತ್ತೆ ಅಷ್ಟೆ," ಎಂದು ಹೊಸಬರಿಗೆ ಹೇಳುತ್ತಿದ್ದಳು. ದಪ್ಪ ಕಲ್ಲೊಂದು ನುಸುಳಿ ಒಳಗಿನ ಅರೆಯುವ ಗಿರಣಿಗೆ ಬಿದ್ದರಂತೂ ಅರ್ಧ ಊರು ಕತ್ತಲು. ಅವಳ ಅವ್ವ ಇದ್ದಲ ಒಲೆಯ ಮುಂದೆ ಕೆಮ್ಮಿ ಕೆಮ್ಮಿ ಹೋದವಳು. ಈಗ ಹದ್ದಮ್ಮನ ಮನೆಯಲ್ಲಿ ಕರೆಂಟ್ ಒಲೆ. ಗೋಡೆ ಬೆಳ್ಳಗಿದೆ, ಬಿಲ್ಲೂ ಕೈಗೆಟಕುವಷ್ಟಿದೆ. ಹೊಗೆ ಸತ್ತಿಲ್ಲ, ಸ್ಥಾವರದ ಎತ್ತರದ ಚಿಮಣಿ ಹತ್ತಿ ಕೂತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಅಲ್ಲಿಗೆ ಒಂದು ಹಿಡಿ ಬೂದಿಯಾದರೂ ಕಡಿಮೆ ಹೋಗಲಿ ಎಂದು ಅವಳ ಕೈ ಆಡುತ್ತಲೇ ಇತ್ತು.

ಈಚೆಗೆ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಕೈಕೊಟ್ಟರೆ ಕೆಲಸ ಹೋದಂತೆ, ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ವರ್ಷದ ಕಣ್ಣಿನ ಪರೀಕ್ಷೆಗೆ ಡಾಕ್ಟರು ಅದೇ ಹಳೇ ಅಕ್ಷರದ ಬೋರ್ಡು ತೂಗುಹಾಕಿದ್ದರು. ಬಾಯಿಪಾಠವಾಗಿದ್ದನ್ನು ಗಿಳಿಯಂತೆ ಒಪ್ಪಿಸಿ ಪಾಸಾದಳು. ಅಂದಿನಿಂದ ಕಣ್ಣಿನ ಕೆಲಸವೂ ಕೈಯ ಮೇಲೆ ಬಿತ್ತು: ಭಾರವಿದ್ದರೆ ಕಲ್ಲು, ಹಗುರವಿದ್ದರೆ ಇದ್ದಲು. ಸಂಜೆಯ ಹೊತ್ತಿಗೆ ಹೆಗಲು ಬಿದ್ದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಬೆಲ್ಟಿನ ಆಚೆ ಬದಿಯಲ್ಲಿ, ಕೈಗೆ ಸಿಗದ ದೂರದಲ್ಲಿ, ದೊಡ್ಡ ಗಟ್ಟಿಯೊಂದು ಸಾಗಿಬಂತು. ಕಲ್ಲೋ, ಇದ್ದಲೋ? ಪಕ್ಕದವಳು ನೀರು ಕುಡಿಯಲು ಹೋಗಿದ್ದಳು. ಬೆಲ್ಟಿನುದ್ದಕ್ಕೂ ಒಂದು ಹಗ್ಗವಿದೆ, ಎಳೆದರೆ ಎಲ್ಲ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಅವಳು ಅದನ್ನು ಮುಟ್ಟಿದವಳಲ್ಲ. ಕಂಡೂ ಕಾಣದಂತೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಳೆದಳು.

ಎಂಜಿನಿಯರ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಬಂದ. ಆ ಗಟ್ಟಿಗೆ ಸುತ್ತಿಗೆಯಿಂದ ಒಂದೇಟು ಹಾಕಿದ. ಅದು ಕರ್ರಗೆ ಹೊಳೆಯುತ್ತಾ ಒಡೆಯಿತು.

"ಹದ್ದಮ್ಮಾ, ಇದು ಒಳ್ಳೇ ಇದ್ದಲು. ಯಾಕೆ ನಿಲ್ಲಿಸಿದ್ರಿ?"

ಹಗ್ಗಕ್ಕೆ ಕೈ ತಾಗಿಬಿಡ್ತು ಎನ್ನಬಹುದಿತ್ತು. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು, ಅವಳಲ್ಲಿ ಅದು ಉಳಿದಿರಲಿಲ್ಲ.

"ಯಾವುದು ಅಂತ ಗೊತ್ತಾಗಲಿಲ್ಲಪ್ಪ," ಎಂದಳು. "ಅದಕ್ಕೇ ಎಳೆದೆ."

ಅವನು ಅವಳ ಕಣ್ಣನ್ನು ನೋಡಿದ, ಕೆಳಗಿಳಿದ. ಬೆಲ್ಟು ಮತ್ತೆ ಹೊರಟಿತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಹದ್ದಮ್ಮ ಅದರ ಪಕ್ಕ ನೆಲದ ಮೇಲೆ ಕೂತಳು. ಮಗಳಿಗೆ ಏನು ಹೇಳುವುದೆಂದು ಯೋಚಿಸುತ್ತಾ ಕೈಗವಸು ಬಿಚ್ಚಿದಳು.