ಅವರು ನನ್ನ ಬಗ್ಗೆ ಹೇಳಿದ್ದ ಮಾತು

ಎರಡು ಸಾವಿರದ ಆರನೇ ಇಸವಿ, ಕಾರ್ತಿಕ ಮಾಸದ ಒಂದು ಶನಿವಾರ. ನಮ್ಮ ಯಜಮಾನರು ಅಂದು ಫ್ಯಾಕ್ಟರಿಯಿಂದ ಸ್ವಲ್ಪ ಬೇಗ ಬಂದರು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಗಂಟಲು ಒಣಗಿಹೋಯ್ತು ಕಣೇ. ಬೆಳಗ್ಗಿಂದ ಮಾತಾಡಿದ್ದೇ ಮಾತಾಡಿದ್ದು" ಎಂದರು.

ಅವರು ರಾಜಾಜಿನಗರದ ಒಂದು ಯಂತ್ರ ತಯಾರಿಸುವ ಫ್ಯಾಕ್ಟರಿಯಲ್ಲಿ ಲೈಬ್ರರಿಯನ್ ಆಗಿದ್ದರು. ಫ್ಯಾಕ್ಟರಿಗೆ ಲೈಬ್ರರಿ ಯಾಕೆ ಎಂದು ಮದುವೆಯಾದ ಹೊಸದರಲ್ಲಿ ನಾನೂ ಕೇಳಿದ್ದೆ. ಯಂತ್ರಗಳ ನಕ್ಷೆ, ಪರೀಕ್ಷೆಯ ವರದಿ, ಹೊರದೇಶದ ಪತ್ರಿಕೆ, ಇವನ್ನೆಲ್ಲ ಜೋಡಿಸಿ ಇಡುವುದು, ಇಂಜಿನಿಯರುಗಳು ಬಂದು ಕೇಳಿದಾಗ ಹುಡುಕಿ ಕೊಡುವುದು ಅವರ ಕೆಲಸ. ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ಫ್ಯಾಕ್ಟರಿಯವರು ಅವರನ್ನೂ ಅವರ ಕೈಕೆಳಗಿದ್ದ ಶೈಲಜಾ ಎಂಬ ಹುಡುಗಿಯನ್ನೂ ಒಂದು ತರಬೇತಿಗೆ ಕಳಿಸಿದ್ದರು. ಜ್ಞಾನ ನಿರ್ವಹಣೆ ಎಂದು ಅದರ ಹೆಸರು. ಹಳಬರು ನಿವೃತ್ತರಾದಾಗ ಅವರ ತಲೆಯಲ್ಲಿ ಇರುವುದೆಲ್ಲ ಅವರ ಜೊತೆಯೇ ಹೊರಟುಹೋಗುತ್ತದೆ. ಅದು ಹೋಗುವ ಮೊದಲು ಮಾತಾಡಿಸಿ, ರೆಕಾರ್ಡ್ ಮಾಡಿ, ಟೈಪ್ ಮಾಡಿ, ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಡಬೇಕು. ನನಗೆ ಅವರು ಹೇಳಿದ್ದು ಇಷ್ಟು.

"ಈಗ ಬೋರ್ಡೂ ಬದಲಾಯಿಸಿದಾರೆ. ಲೈಬ್ರರಿ ಅಲ್ವಂತೆ, ನಾಲೆಡ್ಜ್ ಸೆಂಟರ್ ಅಂತೆ. ಫ್ಯಾನ್ ಮಾತ್ರ ಅದೇ ಹಳೇದು, ಕೋಲಲ್ಲಿ ತಿರುಗಿಸಿದ್ರೆ ತಿರುಗುತ್ತೆ" ಎಂದು ನಗುತ್ತಿದ್ದರು. ಆದರೆ ಆ ಕೆಲಸ ಅವರಿಗೆ ಬಹಳ ಹಿಡಿಸಿತ್ತು. ನಿವೃತ್ತಿಗೆ ಬಂದ ಫೋರ್‌ಮನ್‌ಗಳನ್ನು, ಡಿಸೈನ್ ವಿಭಾಗದವರನ್ನು ಕೂರಿಸಿಕೊಂಡು ಅವರೇ ಪ್ರಶ್ನೆ ಕೇಳುತ್ತಿದ್ದರು. ಶೈಲಜಾ ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದಳು. ಸಂಜೆ ನನಗೆ ವರದಿ. "ಇವತ್ತು ಬಂದಿದ್ದ ಫೋರ್‌ಮನ್ ಇದಾನಲ್ಲ, ಗೇರ್ ವಿಷಯ ಕೇಳಿದ್ರೆ ಮಗನ ಮದುವೆ ಕತೆ ಶುರು ಮಾಡ್ಬಿಟ್ಟ. ಬೀಗರು ಹೋಳಿಗೆಗೆ ತುಪ್ಪ ಹಾಕ್ಲಿಲ್ವಂತೆ. ಅದನ್ನೆಲ್ಲ ತೆಗೆದ್ಬಿಡು ಅಂತ ಶೈಲಜಾಗೆ ಹೇಳಿದೀನಿ. ವಿಷಯ ಉಳಿಸು, ಹರಟೆ ತೆಗಿ. ನಾಳೆ ಓದೋ ಇಂಜಿನಿಯರ್‌ಗೆ ತುಪ್ಪ ತಗೊಂಡು ಏನಾಗ್ಬೇಕು?"

"ನಿಮ್ಮ ಸರದಿ ಬಂದಾಗ ನೋಡೋಣ, ನೀವೇನು ಕಮ್ಮಿ ಮಾತಾಡ್ತೀರಾ?" ಎಂದು ನಾನು ಅಂದಿದ್ದೆ.

ಅವರ ಸರದಿಯೂ ಬಂತು. ಮುಂದಿನ ಬೇಸಿಗೆಗೆ ಅವರೂ ನಿವೃತ್ತರಾಗುವವರಿದ್ದರು. ಹಾಗಾಗಿ ಆ ವಾರವೆಲ್ಲ ಅವರನ್ನು ಕೂರಿಸಿ, ಶೈಲಜಾ ಮತ್ತು ಇಬ್ಬರು ಇಂಜಿನಿಯರುಗಳು ಪ್ರಶ್ನೆ ಕೇಳಿ ರೆಕಾರ್ಡ್ ಮಾಡಿಕೊಂಡಿದ್ದರು. ಆ ಶನಿವಾರ ಅದು ಮುಗಿದಿತ್ತು.

ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತರು. "ಇವತ್ತು ನಿನ್ನ ವಿಷಯಾನೂ ಹೇಳಿದೆ ಕಣೇ."

"ನನ್ನ ವಿಷಯ ಏನಕ್ರೀ? ಫ್ಯಾಕ್ಟರಿಗೂ ನನಗೂ ಏನು ಸಂಬಂಧ?"

"ಇದೆ, ಇದೆ. ಎಲ್ಲಾ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಆ ದೊಡ್ಡ ಇಂಜಿನಿಯರ್ ಸುಮ್ನಾಗ್ಬಿಟ್ಟ."

"ಏನು ಹೇಳಿದ್ರಿ, ಹೇಳಿ ಮತ್ತೆ."

"ಮೊದ್ಲು ಕಾಫಿ ಕೊಡು, ಹೇಳ್ತೀನಿ."

ಅಷ್ಟರಲ್ಲಿ ಮಹಡಿಯಿಂದ ಓನರ್ ಆಂಟಿ ಕೂಗಿದರು, "ಕಾವೇರಿ ನೀರು ಬರ್ತಾ ಇದೆ, ಹಿಡ್ಕೊಳ್ರೀ." ನೀರು ಬಾರದೆ ಆಗ ಕೆಲವು ದಿನ ಆಗಿತ್ತು. ನಾನು, ಅವರು, ಕಾಲೇಜಿನಿಂದ ಬಂದ ಮಗಳು ರಶ್ಮಿ, ಮೂವರೂ ಬಿಂದಿಗೆ, ಬಕೆಟ್, ಡ್ರಮ್ ಎಂದು ಓಡಾಡಿದೆವು. ಆಮೇಲೆ ಊಟ. ಆ ಮಾತು ಹಾಗೇ ನಿಂತಿತು. ನಾಳೆ ಭಾನುವಾರ, ಕೇಳಿದರಾಯಿತು ಎಂದುಕೊಂಡೆ.

ಬೆಳಗ್ಗೆ ಅವರು ಸೊಪ್ಪು ತರುತ್ತೇನೆಂದು ವಿಜಯನಗರ ಮಾರ್ಕೆಟ್ಟಿಗೆ ಹೋದರು. ಅಲ್ಲಿಯೇ ಕುಸಿದರು. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರಂತೆ. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ಆಸ್ಪತ್ರೆಯವರು ಅವರ ಕನ್ನಡಕವನ್ನೂ ಸೊಪ್ಪಿನ ಚೀಲವನ್ನೂ ನನ್ನ ಕೈಗೆ ಕೊಟ್ಟರು. ದಂಟಿನ ಸೊಪ್ಪು ಇನ್ನೂ ಹಸಿಯಾಗಿಯೇ ಇತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಶೈಲಜಾ ಬಂದಿದ್ದಳು. ಬಂದವರೆಲ್ಲ ಊಟಕ್ಕೆ ಎದ್ದಾಗ ಅವಳು ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ಕೂತಳು.

"ಸಾರ್ ಧ್ವನಿ ನಮ್ಮ ಹತ್ರ ಇದೆ ಆಂಟಿ. ಆ ವಾರ ಪೂರ್ತಿ ಮಾತಾಡಿದ್ದು ಎಲ್ಲಾ ಕಂಪ್ಯೂಟರಲ್ಲಿದೆ. ಪರ್ಮಿಷನ್ ತಗೊಂಡು ನಿಮಗೊಂದು ಸಿಡಿ ಮಾಡಿಕೊಡ್ತೀನಿ."

ಆ ಹನ್ನೊಂದು ದಿನದಲ್ಲಿ ನನ್ನ ಉಸಿರು ಸ್ವಲ್ಪ ಸಲೀಸಾಗಿ ಆಡಿದ್ದು ಆಗಲೇ. ನಮ್ಮ ಮನೆಯಲ್ಲಿ ಅವರ ಧ್ವನಿ ಎಲ್ಲಿಯೂ ಇರಲಿಲ್ಲ. ನನ್ನ ತಮ್ಮನ ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಅವರು ಒಂದು ಕಡೆ ಕಾಣುತ್ತಾರೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಬಡಿಸುವವನಿಗೆ ಸಾಕು ಎನ್ನುತ್ತಿದ್ದಾರೆ. ತುಟಿ ಆಡುವುದು ಕಾಣುತ್ತದೆ. ಆದರೆ ವಿಡಿಯೋದವನು ಅದರ ಮೇಲೆ ಪೂರ್ತಿ ವಾದ್ಯ ಹಾಕಿಬಿಟ್ಟಿದ್ದಾನೆ.

"ಕೊನೇ ದಿನ ನಿಮ್ಮ ಬಗ್ಗೆ ಒಂದು ಮಾತು ಹೇಳಿದ್ರು ಆಂಟಿ. ಹೇಳ್ಲಾ?" ಎಂದು ಶೈಲಜಾ ಕೇಳಿದಳು.

ನಾನು ಅವಳ ಕೈ ಹಿಡಿದುಕೊಂಡೆ. "ಬೇಡಮ್ಮ, ನೀನು ಹೇಳ್ಬೇಡ. ಸಿಡಿ ಬರುತ್ತಲ್ಲ, ಅವರ ಬಾಯಲ್ಲೇ ಕೇಳ್ತೀನಿ."

"ಸರಿ ಆಂಟಿ" ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಸಿಡಿ ಬರಲಿಲ್ಲ. ಮೊದಲು ಮೇಲಿನವರ ಸಹಿ ಆಗಬೇಕು ಎಂದರು. ಅಷ್ಟರಲ್ಲಿ ಫ್ಯಾಕ್ಟರಿಯನ್ನು ಬೇರೆ ಕಂಪನಿ ಕೊಂಡುಕೊಳ್ಳುತ್ತಿದೆ ಎಂಬ ಸುದ್ದಿ ಬಂತು. ಹೊಸಬರು ಬರುವವರೆಗೆ ಯಾವ ಕಾಗದವೂ ಹೊರಗೆ ಹೋಗಬಾರದು ಎಂದು ಆದೇಶವಾಯಿತು. ಶೈಲಜಾ ಆಗಾಗ ಫೋನ್ ಮಾಡುತ್ತಿದ್ದಳು. "ಇನ್ನೂ ಸಹಿ ಆಗಿಲ್ಲ ಆಂಟಿ." ಆಮೇಲೆ ಅವಳಿಗೆ ನಾಗರಬಾವಿಯ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು, ಮಗುವಾಯಿತು. ಫೋನ್ ಕಡಿಮೆಯಾಯಿತು. ನಾನು ಕಾದೆ. ಕಾಯುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ, ನಿಜ ಹೇಳಬೇಕೆಂದರೆ. ಇನ್ನೂ ಕೇಳದ ಅವರ ಮಾತೊಂದು ಎಲ್ಲೋ ಇದೆ ಎಂಬುದೇ ನನಗೆ ಆಸರೆಯಾಗಿತ್ತು.

ಎರಡು ಸಾವಿರದ ಎಂಟರಲ್ಲಿ ರಶ್ಮಿಯನ್ನು ಕರೆದುಕೊಂಡು ನಾನೇ ಫ್ಯಾಕ್ಟರಿಗೆ ಹೋದೆ. ಗೇಟಿನ ಮೇಲೆ ಹೊಸ ಹೆಸರಿತ್ತು. ಒಳಗೆ ಒಬ್ಬರು ಯುವ ಅಧಿಕಾರಿ ನಮ್ಮನ್ನು ಬಹಳ ಮರ್ಯಾದೆಯಿಂದ ಕೂರಿಸಿದರು. ನಮ್ಮ ಯಜಮಾನರನ್ನು ಅವರು ನೋಡಿರಲಿಲ್ಲ, ಆದರೆ ಹೆಸರು ಗೊತ್ತಿತ್ತು.

"ಅವರು ಹೇಳಿರೋದನ್ನ ನಾವು ಈಗಲೂ ದಿನಾ ನೋಡ್ತೀವಿ ಮೇಡಂ. ಹಳೇ ಮಷಿನ್ ಇಟ್ಕೊಂಡಿರೋ ಕಸ್ಟಮರ್ ಯಾರಾದ್ರೂ ಬಂದ್ರೆ ಮೊದ್ಲು ಅದನ್ನೇ ತೆಗೆಯೋದು. ಎಲ್ಲಾ ಭದ್ರವಾಗಿದೆ."

"ನನಗೆ ಅದು ಅರ್ಥ ಆಗಲ್ಲಪ್ಪ. ಅವರ ಧ್ವನಿ ಒಂದು ಸಿಡಿ ಮಾಡಿಕೊಟ್ರೆ ಸಾಕು."

ಅವರು ಕಂಪ್ಯೂಟರ್ ನೋಡಿದರು. ಯಾರಿಗೋ ಫೋನ್ ಮಾಡಿದರು. ಫೋನಿನಲ್ಲಿ ಮಾತಾಡುತ್ತಾ ಅವರ ದನಿ ಸಣ್ಣದಾಯಿತು. ಫೋನ್ ಇಟ್ಟು ನಮ್ಮ ಕಡೆ ತಿರುಗಿದರು.

"ಆಡಿಯೋ ಇಲ್ಲ ಮೇಡಂ. ಹಳೇ ಸಿಸ್ಟಂನಿಂದ ಹೊಸದಕ್ಕೆ ಎಲ್ಲಾ ಸಾಗಿಸಿದಾಗ ಟೈಪ್ ಆಗಿರೋದನ್ನ ಮಾತ್ರ ತಗೊಂಡಿದಾರೆ. ಆಡಿಯೋ ಜಾಗ ಜಾಸ್ತಿ ತಿನ್ನುತ್ತೆ ಅಂತ ಬಿಟ್ಟಿದಾರೆ. ಹಳೇ ಕಂಪ್ಯೂಟರುಗಳೆಲ್ಲ ಗುಜರಿಗೆ ಹೋದ್ವು."

"ಒಂದು ಚೂರೂ ಇಲ್ವಾ ಸಾರ್?" ಎಂದು ರಶ್ಮಿ ಕೇಳಿದಳು.

"ಇಲ್ಲ. ಟೈಪ್ ಆದಮೇಲೆ ಅದು ಬೇಕಾಗಲ್ಲ ಅಂದ್ಕೊಂಡಿದ್ವಿ" ಎಂದರು. ನಮ್ಮನ್ನು ನೋಡದೆ ಪ್ರಿಂಟ್ ತೆಗೆದು ಕೊಟ್ಟರು. "ಇದನ್ನ ಹೊರಗೆ ಕೊಡೋ ಹಾಗಿಲ್ಲ. ಇಲ್ಲೇ ಕೂತು ಓದಿ, ಎಷ್ಟು ಹೊತ್ತಾದ್ರೂ ಪರವಾಗಿಲ್ಲ."

ರಶ್ಮಿ ಓದಿದಳು. ಅದು ಇಂಗ್ಲಿಷಿನಲ್ಲಿತ್ತು. ಅವರು ಮಾತಾಡಿದ್ದು ಕನ್ನಡದಲ್ಲಿ, ನಡುನಡುವೆ ಇಂಗ್ಲಿಷು. ಅದನ್ನೆಲ್ಲ ತಿದ್ದಿ ಅಚ್ಚುಕಟ್ಟು ಮಾಡಿದ್ದರು. ಯಾವ ನಕ್ಷೆ ಎಲ್ಲಿದೆ, ಯಾವ ವರದಿಯನ್ನು ಯಾಕೆ ನಂಬಬಾರದು, ಯಾವ ಪ್ರಯೋಗವನ್ನು ಹಿಂದೆಯೇ ಮಾಡಿ ಕೈಬಿಟ್ಟಿದ್ದಾರೆ. ರಶ್ಮಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಅವರು ಮಾತಿಗೆ ಮೊದಲು "ಅಂದ್ರೆ ಏನಪ್ಪಾ ಅಂದ್ರೆ" ಎನ್ನುತ್ತಿದ್ದರು. ಅದು ಒಂದು ಕಡೆಯೂ ಇರಲಿಲ್ಲ. ನಾನೂ ಇರಲಿಲ್ಲ.

"ಅಮ್ಮ, ಇದು ಅಪ್ಪ ಅಲ್ಲಮ್ಮ. ಯಾರು ಬೇಕಾದ್ರೂ ಹೇಳಿರಬಹುದು ಇದನ್ನ" ಎಂದು ಅವಳು ಹಾಳೆ ಕೆಳಗಿಟ್ಟಳು.

ಅಲ್ಲಿಂದ ಮನೆಗೆ ಹೋಗದೆ ಸೀದಾ ನಾಗರಬಾವಿಗೆ ಆಟೋ ಹಿಡಿದೆವು. ಶೈಲಜಾ ಕಾಲೇಜಿನ ಲೈಬ್ರರಿಯಲ್ಲಿ ಹುಡುಗರಿಗೆ ಪುಸ್ತಕ ಕೊಡುತ್ತಾ ನಿಂತಿದ್ದಳು. ನಮ್ಮನ್ನು ಕಂಡು ಖುಷಿಯಿಂದ ಬಂದಳು. ನನ್ನ ಮುಖ ನೋಡಿ ನಿಂತಳು. ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ.

"ಆವತ್ತು ನಾನು ಬೇಡ ಅಂದಿದ್ನಲ್ಲಮ್ಮ. ಈಗ ಹೇಳು. ನನ್ನ ಬಗ್ಗೆ ಅವರು ಏನಂದ್ರು?"

ಅವಳು ಬಾಯಿ ತೆರೆದಳು. ಯೋಚಿಸಿದಳು. ಹಣೆ ಉಜ್ಜಿಕೊಂಡಳು.

"ಡಬ್ಬದ ವಿಷಯ ಏನೋ ಆಂಟಿ. ಅಡುಗೆಮನೆ ಡಬ್ಬ. ಎಲ್ಲಾ ನಕ್ವಿ. ಆಮೇಲೆ ಒಂದು ಮಾತು ಅಂದ್ರು, ಅದಕ್ಕೆ ಎಲ್ಲಾ ಸುಮ್ನಾಗ್ಬಿಟ್ವಿ. ಅದು…" ಅವಳು ತಲೆ ಅಲ್ಲಾಡಿಸಿದಳು. "ಇಲ್ಲ ಆಂಟಿ. ಬರ್ತಾ ಇಲ್ಲ."

ಡಬ್ಬದ ವಿಷಯ ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅವರು ಲೈಬ್ರರಿಯ ಚಾಳಿಯಿಂದ ನಮ್ಮ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದರು. ಸಾಸಿವೆ, ಮೆಂತ್ಯ, ಕಡಲೆಬೇಳೆ ಎಂದು ಮುದ್ದಾದ ಅಕ್ಷರ. ನಾನು ನನ್ನ ಕೈಗೆ ಒದಗಿದ ಡಬ್ಬಕ್ಕೆ ಒದಗಿದ್ದು ತುಂಬುತ್ತಿದ್ದೆ. ಸಾಸಿವೆ ಎಂದು ಬರೆದಿದ್ದರಲ್ಲಿ ಸಕ್ಕರೆ, ಮೆಂತ್ಯದಲ್ಲಿ ಕಾಫಿಪುಡಿ. ನನ್ನ ಕೈ ಎಂದೂ ತಪ್ಪುತ್ತಿರಲಿಲ್ಲ. ನಾನು ತವರಿಗೆ ಹೋದಾಗ ಮಾತ್ರ ಅವರು ಒಂದು ಲೋಟ ಕಾಫಿಗೆ ಎಲ್ಲ ಡಬ್ಬ ಬಿಚ್ಚಬೇಕಾಗುತ್ತಿತ್ತು. ನಗು ಬಂದದ್ದು ಅದಕ್ಕೇ ಇರಬೇಕು. ಆದರೆ ಆಮೇಲೆ ಎಲ್ಲರೂ ಸುಮ್ಮನಾಗುವಂಥದ್ದು ಏನು ಹೇಳಿದರು?

"ನೀನು ಟೈಪ್ ಮಾಡಿದ್ಯಲ್ಲ ಶೈಲಜಾ, ಅದರಲ್ಲಿ ಯಾಕೆ ಇಲ್ಲ?" ಎಂದು ರಶ್ಮಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿತ್ತು.

ಶೈಲಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. "ತೆಗೆದಿದ್ದು ನಾನೇ. ಸಾರ್ ಹೇಳಿಕೊಟ್ಟಿದ್ದೇ ಹಂಗೆ. ವಿಷಯ ಉಳಿಸು, ಹರಟೆ ತೆಗಿ. ಅವರು ಹೋದ ಮೇಲೆ ಅವರದ್ದನ್ನ ಟೈಪ್ ಮಾಡ್ತಾ ಆ ಜಾಗ ಬಂತು. ಕೇಳ್ತಾ ಅತ್ಬಿಟ್ಟೆ. ಆಮೇಲೆ ಸಾರ್ ಇದ್ದಿದ್ರೆ ಇದನ್ನ ಇಡೋಕೆ ಬಿಡ್ತಿರ್ಲಿಲ್ಲ ಅಂದ್ಕೊಂಡು ತೆಗೆದೆ. ಆಡಿಯೋ ಹೆಂಗೂ ಇದ್ಯಲ್ಲ ಅಂತ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಎಲ್ಲರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು.

"ಜ್ಞಾಪಕ ಬಂದ್ರೆ ಯಾವಾಗಾದ್ರೂ ಫೋನ್ ಮಾಡಮ್ಮ. ಅರ್ಧಂಬರ್ಧ ಆದ್ರೂ ಪರವಾಗಿಲ್ಲ" ಎಂದು ಎದ್ದೆ.

ಆಮೇಲೆ ಅಂದು ಅಲ್ಲಿದ್ದ ಇಬ್ಬರು ಇಂಜಿನಿಯರುಗಳನ್ನೂ ರಶ್ಮಿ ಹುಡುಕಿದಳು. ಒಬ್ಬರು ಫೋನಿನಲ್ಲಿ ಸಿಕ್ಕಿದರು. "ತುಂಬಾ ಒಳ್ಳೇ ಮನುಷ್ಯರು ನಿಮ್ಮ ತಂದೆ" ಎಂದರು. ಆ ಮಾತು ಮಾತ್ರ ಅವರಿಗೂ ನೆನಪಿರಲಿಲ್ಲ. ದೊಡ್ಡ ಇಂಜಿನಿಯರ್ ಬೇರೆ ಊರಿಗೆ ಹೋದರಂತೆ, ಸಿಗಲಿಲ್ಲ. ಶೈಲಜಾ ವರ್ಷಕ್ಕೊಮ್ಮೆ ಅವರ ತಿಥಿಯ ದಿನ ಫೋನ್ ಮಾಡುತ್ತಾಳೆ. "ಇಲ್ಲ ಆಂಟಿ" ಎನ್ನುತ್ತಾಳೆ. ನಾನು "ಇರ್ಲಿ ಬಿಡಮ್ಮ" ಎನ್ನುತ್ತೇನೆ.

ಡಬ್ಬಗಳನ್ನು ನಾನು ಬದಲಾಯಿಸಿಲ್ಲ. ಚೀಟಿಗಳು ಎಣ್ಣೆ ಕುಡಿದು ಹಳದಿಯಾಗಿವೆ, ಅಕ್ಷರ ಇನ್ನೂ ಓದಲು ಬರುತ್ತದೆ. ಬೆಳಗ್ಗೆ ಸಾಸಿವೆ ಎಂದು ಬರೆದ ಡಬ್ಬದಿಂದ ಸಕ್ಕರೆ ತೆಗೆಯುತ್ತಾ, ಅವರು ಏನು ಹೇಳಿರಬಹುದು ಎಂದು ನಾನೇ ಒಂದೊಂದು ಮಾತು ಕಟ್ಟಿ ನೋಡುತ್ತೇನೆ. ಅವರ ಬಾಯಲ್ಲಿ ಅದನ್ನು ಆಡಿಸಿ ನೋಡುತ್ತೇನೆ. ಮೊದಲು ಅವರ ದನಿ ಕೇಳಿಸುತ್ತಿತ್ತು. ಈಚೆಗೆ ನನ್ನ ದನಿಯೇ ಕೇಳಿಸುತ್ತದೆ.

ಅವರಿಗೆ ತಿಳಿದಿದ್ದೆಲ್ಲ ಫ್ಯಾಕ್ಟರಿಯಲ್ಲಿ ಭದ್ರವಾಗಿದೆಯಂತೆ. ನನ್ನ ಬಗ್ಗೆ ಅವರು ಏನು ಹೇಳಿದರು ಎಂಬುದು ನನಗೆ ಇನ್ನೂ ಗೊತ್ತಿಲ್ಲ.