ಹೊಗೆಯಿಲ್ಲದ ಅಟ್ಟ

ಸಗಣಿ ಗ್ಯಾಸು ನಮ್ಮ ಮನೆಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಬಿಳಿಗೆರೆ ಕಡೆ ಅದಾಗಲೇ ಒಂದೆರಡು ಮನೆಗೆ ಬಂದಿತ್ತು. ಅಪ್ಪ ಹಾಕಿಸಿದ್ದು ಷೋಕಿಗಲ್ಲ. ಅವ್ವನಿಗೆ ಉಬ್ಬಸ. ಹೊಗೆ ತಪ್ಪಿಸದಿದ್ದರೆ ಈ ಎದೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ತಿಪಟೂರಿನ ಡಾಕ್ಟರು ಹೇಳಿದ್ದರು. ಕೊಟ್ಟಿಗೆಯಲ್ಲಿ ದನಕ್ಕೇನೂ ಬರ ಇರಲಿಲ್ಲ.

ಬಂದ ಗ್ಯಾಸು ನಾರುತ್ತಿತ್ತು. ಗುಂಡಿ ಕಟ್ಟಿಸಿದ ಅಧಿಕಾರಿ, "ಕೊಳೆತ ಮೊಟ್ಟೆ ವಾಸನೆ ಕಣ್ರೀ, ಅಷ್ಟೇ" ಅಂದರು. ನಮ್ಮದು ಲಿಂಗ ಕಟ್ಟಿದ ಮನೆ. ಒಳ್ಳೆಯ ಮೊಟ್ಟೆಯ ವಾಸನೆಯೇ ಗೊತ್ತಿಲ್ಲದವರು ಕೊಳೆತದ್ದನ್ನು ಸುಮ್ಮನೆ ನಂಬಿಕೊಳ್ಳಬೇಕಾಯಿತು. ಉರಿಸಿದರೆ ಘಾಟು, ಅವ್ವನಿಗೆ ಮತ್ತೆ ಕೆಮ್ಮು. ಅಪ್ಪ ಹಟ ಹಿಡಿದರು. ಲೇತ್ ಅಂಗಡಿಯಿಂದ ಕಬ್ಬಿಣದ ಚೂರನ್ನು ಮೂಟೆಯಲ್ಲಿ ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ಡಬ್ಬಕ್ಕೆ ತುಂಬಿ ಪೈಪಿನ ನಡುವೆ ಕೂರಿಸಿದರು. ಗ್ಯಾಸು ಅದರೊಳಗೆ ಹಾದು ಬರುವಾಗ ನಾತವೆಲ್ಲ ತುಕ್ಕಿಗೆ ಹತ್ತಿಕೊಂಡು, ಕೆಂಪು ಚೂರು ಕಪ್ಪಾಗುತ್ತಿತ್ತು. ಆಗ ತೆಗೆದು ಗಾಳಿಗೆ ಹರಡಿದರೆ ಮತ್ತೆ ಕೆಂಪು. ಹರಡುವುದು, ತುಂಬುವುದು, ಪೈಪಿನಲ್ಲಿ ನಿಂತ ನೀರು ಬಿಡುವುದು ನನ್ನ ಕೆಲಸ. ಪಿಯುಸಿ ಮುಗಿಸಿ ಮದುವೆಗೆ ಕಾಯುತ್ತ ಕೂತವಳಿಗೆ ಬೇರೇನು ಕೆಲಸ! ಕೈಯೆಲ್ಲ ಗೀರು. ಬೈದುಕೊಂಡೇ ಮಾಡುತ್ತಿದ್ದೆ.

ಉರಿ ನೀಲಿಯಾಯಿತು. ಆ ಮಳೆಗಾಲವೆಲ್ಲ ಅವ್ವ ಅಡುಗೆಮನೆಯಲ್ಲಿ ಒಮ್ಮೆಯೂ ಉಸಿರು ಕಟ್ಟಿ ಹೊರಗೆ ಓಡಲಿಲ್ಲ.

ಮಳೆ ಮುಗಿದ ಮೇಲೆ ಅಡುಗೆಮನೆ ಅಟ್ಟದ ಕಾಯಿ ಇಳಿಸಿದೆವು. ನಮ್ಮ ಕಡೆ ಕಾಯಿ ವರ್ಷವಿಡೀ ಅಟ್ಟದ ಮೇಲಿದ್ದು, ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗಬೇಕು. ಸುಲಿಯುವ ಆಳು ಒಂದನ್ನು ಎತ್ತಿ ಅಲ್ಲಾಡಿಸಿದ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಅನ್ನಬೇಕು, ಸದ್ದಿಲ್ಲ. ಒಡೆದ. ಒಳಗೆ ಬೂಷ್ಟು. ಇನ್ನೊಂದೂ ಅದೇ, ಮತ್ತೊಂದೂ ಅದೇ.

"ಕೆಳಗಿಂದ ಹೊಗೆ ಹೋಗಿಲ್ಲ ಕಣ್ರೀ ಯಜಮಾನ್ರೆ. ತೇವ ಆರೋದೆಂಗೆ?" ಅಂದ.

ಇಷ್ಟು ವರ್ಷ ಸೌದೆ ಒಲೆಯ ಹೊಗೆಯೇ ಮೇಲೇರಿ ಕಾಯಿ ಒಣಗಿಸುತ್ತಿತ್ತು. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ನಮಗೆ ಅದು ನೆನಪೇ ಆಗಿರಲಿಲ್ಲ. ಗ್ಯಾಸು ಸೋಸುವುದರಲ್ಲೇ ಮುಳುಗಿದ್ದೆವು.

ಮಾರನೆಯ ಬೆಳಿಗ್ಗೆ ಅವ್ವ ಹಿತ್ತಲಿಂದ ಸೌದೆ, ಕಾಯಿ ಮಟ್ಟೆ ತಂದು ಹಳೇ ಒಲೆ ಹಚ್ಚಿದಳು. ಯಾರೂ ಹೇಳಿರಲಿಲ್ಲ. "ಬುಡಿ, ಕೊಬ್ಬರಿ ಕೆಟ್ರೆ ಮನೆ ನಡೀತದಾ? ನಂಗೇನೂ ಆಗಲ್ಲ" ಅಂದಳು. ಅಪ್ಪ ತಲೆ ತಗ್ಗಿಸಿ ಕಾಫಿ ಕುಡಿದರು. ನಾನೂ ಕುಡಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಅವ್ವ ಇನ್ನೂ ನಾಲ್ಕು ವರ್ಷ ಕೆಮ್ಮಿದಳು. ಮಣ್ಣು ಮಾಡಲು ನಾನು ಗಂಡನ ಮನೆಯಿಂದ ಬಂದಿದ್ದೆ. ಅಡುಗೆಯನ್ನು ಗ್ಯಾಸಿನಲ್ಲೇ ಮಾಡಿಕೊಂಡು, ದಿನಕ್ಕೊಂದು ಹೊತ್ತು ಬೇರೆ ಯಾರಾದರೂ ಅಟ್ಟದ ಕೆಳಗೆ ಮಟ್ಟೆ ಹೊಗೆ ಹಾಕಿದ್ದರೆ ಸಾಕಿತ್ತಲ್ಲ ಎಂದು ನೆಂಟರೊಬ್ಬರು ಅಂದರು. "ನಮಗ್ಯಾರಿಗೂ ಹೊಳೀಲೇ ಇಲ್ವಲ್ಲಪ್ಪ" ಎಂದು ಅಪ್ಪ ಅತ್ತರು.

ನನಗೆ ಹೊಳೆದಿತ್ತು, ಅವ್ವ ಒಲೆ ಹಚ್ಚಿದ ದಿನವೇ. ಬಾಯಿಬಿಟ್ಟಿದ್ದರೆ ಆ ಹೊಗೆ ಹಾಕುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಸುಮ್ಮನಿದ್ದೆ.